ಬೀಜಕ್ಕೆ ಬಿಟ್ಟ ಬೆಂಡೆ

ನಾನು ಕೃಷಿ ಓದಲಿಕ್ಕೆ ಸೇರಿದ್ದು ಗೊತ್ತಾದ ದಿನ ಮಡಂತ್ಯಾರಿನ ನಮ್ಮ ಮನೆಗೆ ದೊಡ್ಡಮ್ಮ ಬಂದರು. ಸಾವಿನ ಮನೆಗೆ ಬಂದವರು ಕೂರುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, "ಹಾರೆ ಹಿಡಿಯಲಿಕ್ಕೆ ಕಾಲೇಜು ಎಂತಕ್ಕೆ?" ಅಂತ ಕೇಳಿದರು. ಅಮ್ಮನಿಗೆ ನಾಚಿಕೆಯಾಯಿತು. "ಇಲ್ಲಕ್ಕ, ಅದರಲ್ಲಿ ಲೈಫ್ ಸೈನ್ಸ್ ಕೂಡ ಉಂಟು" ಅಂದರು. ಲೈಫ್ ಸೈನ್ಸ್ ಅಂದ ಕೂಡಲೇ ದೊಡ್ಡಮ್ಮನ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಅವರು ಮದುವೆ ಮನೆಗಳಲ್ಲಿ ನನ್ನ ಬಗ್ಗೆ, "ಡಾಕ್ಟರಿಕೆಯ ಹಾಗಿದ್ದೇ ಎಂತದೋ ಓದ್ತಾ ಇದ್ದಾಳೆ" ಅಂತ ಹೇಳಿಕೊಂಡು ತಿರುಗಿದರು.

ಆ ದಿನ ನನಗೆ ದೊಡ್ಡಮ್ಮನ ಮೇಲೆ ಸಿಟ್ಟು ಬಂದಿತ್ತು. ಕಾಲೇಜಿಗೆ ಹೋಗಿ ನೋಡಿದ ಮೇಲೆ, ಅವರು ಅಷ್ಟು ಹೆದರಬೇಕಾಗಿಯೇ ಇರಲಿಲ್ಲ ಅಂತ ಗೊತ್ತಾಯಿತು. ಅಲ್ಲಿ ಹಾರೆ ಹಿಡಿಯುವವರು ಯಾರೂ ಇರಲಿಲ್ಲ.

ಮೂಡುಬಿದಿರೆ ಅಂದರೆ ಈಗ ಕಾಲೇಜುಗಳದ್ದೇ ಊರು. ಬಸ್ಸಿನಿಂದ ಇಳಿದರೆ ಸಾಕು, ರ‍್ಯಾಂಕ್ ಬಂದ ಮಕ್ಕಳ ಮುಖಗಳು ಕಂಬಕಂಬದಿಂದ ನಿಮ್ಮನ್ನೇ ನೋಡುತ್ತಿರುತ್ತವೆ. ಆ ಕಂಬ ಹತ್ತಲಿಕ್ಕೆ ಆಗದವರೆಲ್ಲ ಸೇರಿದ್ದು ನಮ್ಮ ಕೃಷಿ ಮತ್ತು ಜೀವವಿಜ್ಞಾನ ವಿಭಾಗಕ್ಕೆ. ಡಾಕ್ಟರಾಗಬೇಕು ಅಂತ ಹೊರಟು, ಹಲ್ಲಿನ ಡಾಕ್ಟರಿಗೂ ಅಂಕ ಸಾಲದೆ, ನರ್ಸಿಂಗಿಗೆ ಮನೆಯವರು ಒಪ್ಪದೆ, ಕೊನೆಗೆ ಇಲ್ಲಿ ಬಂದು ಬಿದ್ದವರು ನಾವು. ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ, ಕೃಷಿಯನ್ನೇ ಯಾಕೆ ಆರಿಸಿಕೊಂಡಿರಿ ಅಂತ ಕೇಳಿದರು. ಅಬ್ಬಬ್ಬ, ನೀವು ಕೇಳಬೇಕಿತ್ತು! ಒಬ್ಬನಿಗೆ ರೈತರ ಸೇವೆ, ಇನ್ನೊಬ್ಬಳಿಗೆ ಭೂಮಿತಾಯಿಯ ಋಣ, ಮತ್ತೊಬ್ಬನಿಗೆ ದೇಶದ ಹಸಿವು. ನನ್ನ ಸರದಿ ಬಂದಾಗ ನಾನೂ ಎಂತದೋ ಭೂಮಿತಾಯಿ ಅಂತ ಒದರಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮಾತ್ರ ಎದ್ದು, "ಬೇರೆ ಯಾವುದೂ ಸಿಗಲಿಲ್ಲ ಸರ್" ಅಂತ ಹೇಳಿ ಕೂತಳು. ಇಡೀ ಕ್ಲಾಸು ನಕ್ಕಿತು. ಅವಳು ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆದು ಕುಡಿದಳು.

ಹಾಸ್ಟೆಲಿನಲ್ಲಿ ಅವಳೇ ನನ್ನ ರೂಮಿಗೆ ಬಂದಳು. ಕಕ್ಕಿಂಜೆಯ ಬ್ಯಾರಿ ಹುಡುಗಿ. ತಂದೆ ಗಲ್ಫಿನಲ್ಲಿ ಅಂಗಡಿಯಲ್ಲಿದ್ದರು. ಒಂದು ಮಳೆಗಾಲದಲ್ಲಿ ಹಿಂದಿನ ಗುಡ್ಡ ಜರಿದು ಅವರ ಮನೆಯ ಹಿಂಬದಿ ಗೋಡೆಯೂ ಹಿತ್ತಿಲೂ ಮಣ್ಣಿನಡಿಗೆ ಹೋಗಿದ್ದವು. ಜೀವಕ್ಕೆ ಎಂತ ಆಗಲಿಲ್ಲ. ಆದರೆ ಆ ಜಾಗದಲ್ಲಿ ಮತ್ತೆ ಇರಲಿಕ್ಕೆ ಅವಳ ಉಮ್ಮ ಒಪ್ಪಲಿಲ್ಲ. ತಾಯಿ ಮಗಳು ಬಂಟ್ವಾಳದಲ್ಲಿ ಮೊಬೈಲ್ ಅಂಗಡಿಯ ಮೇಲಿನ ಒಂದು ಫ್ಲ್ಯಾಟಿಗೆ ಬಂದರು. ನನ್ನದು ತುಳು, ಅವಳಿಗೆ ತುಳುವೂ ಸಲೀಸು, ಹಾಗಾಗಿ ನಮಗೆ ಮಾತಿಗೆ ಬರ ಇರಲಿಲ್ಲ. ಹೆಚ್ಚಿನ ಮಾತು ಕಾಲೇಜನ್ನು ಬೈಯುವುದೇ ಆಗಿತ್ತು.

ಬೈಯಲಿಕ್ಕೆ ಬೇಕಾದಷ್ಟು ಇತ್ತು. ನಮ್ಮ ವಿಭಾಗದ ಮುಖ್ಯಸ್ಥರು ಗೋಧಿಯ ಮೇಲೆ ಪಿಎಚ್‌ಡಿ ಮಾಡಿದವರು. ನಮ್ಮ ಕಡೆ ಗೋಧಿ ಕಾಣಬೇಕಾದರೆ ದಿನಸಿ ಅಂಗಡಿಗೆ ಹೋಗಬೇಕು ಮಾರಾಯ್ರೆ! ಆದರೂ ನಾವು ಗೋಧಿಗೆ ಬರುವ ತುಕ್ಕುರೋಗವನ್ನು ಬಣ್ಣಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿ ಬಿಡಿಸಿ ಸುಸ್ತಾದೆವು. ಹೊರಗೆ ಪ್ಲಾಟಿನಲ್ಲಿ ಪಾಠ ಇದ್ದ ದಿನ ಅವರು ಸಿಮೆಂಟಿನ ಕಟ್ಟೆಯ ಮೇಲೆ ನಿಂತು ಕೊಡೆಯ ತುದಿಯಲ್ಲಿ ತೋರಿಸುತ್ತಿದ್ದರು. ಅಲ್ಲಿ ನೋಡಿ ಕಳೆ, ಇಲ್ಲಿ ನೋಡಿ ಕೀಟ. ಅವರ ಬೂಟಿಗೆ ಮಣ್ಣು ತಾಗಿದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅದೂ ಕಾರ್ ಪಾರ್ಕಿಂಗಿನಲ್ಲಿ.

ಪ್ಲಾಟ್ ಅಂದರೆ ಹಾಸ್ಟೆಲಿನ ಹಿಂದಿನ ಜಾಗ. ಕಟ್ಟಡ ಕಟ್ಟಿ ಉಳಿದ ಮುರಕಲ್ಲಿನ ಚೂರು, ಸಿಮೆಂಟಿನ ಗಟ್ಟಿ, ಟೈಲ್ಸ್ ಎಲ್ಲ ಅಲ್ಲಿಗೇ ಸುರಿದು, ಮೇಲಿನಿಂದ ಒಂದು ಪದರ ಕೆಂಪುಮಣ್ಣು ಹರಡಿ, ಕೃಷಿ ಪ್ರಯೋಗ ಕ್ಷೇತ್ರ ಅಂತ ಬೋರ್ಡು ಹಾಕಿದ್ದರು. ಇಬ್ಬಿಬ್ಬರಿಗೆ ಒಂದೊಂದು ತುಂಡು ಕೊಡುವುದು. ಅದರಲ್ಲಿ ತರಕಾರಿ ಬೆಳೆಸಿ ತೋರಿಸಿದರೆ ಮಾರ್ಕು. ಅಲ್ಲಿ ಬೆಳೆಯುವುದು ಉಂಟಾ? ಹಾಗಾಗಿ ಸೀನಿಯರ್‌ಗಳು ಒಂದು ವಿದ್ಯೆ ಕಂಡುಹಿಡಿದು ನಮಗೆ ದಾಟಿಸಿದ್ದರು. ಮಾರ್ಕು ಹಾಕುವ ದಿನ ಬೆಳಿಗ್ಗೆ ಮಾರ್ಕೆಟಿಗೆ ಹೋಗಿ ಬದನೆ, ಟೊಮೆಟೊ, ಬೆಂಡೆ ತಂದು ಹಸಿರು ನೂಲಿನಲ್ಲಿ ಗಿಡಕ್ಕೆ ಕಟ್ಟುವುದು. ಬೆಂಡೆಕಾಯಿ ಗಿಡದಲ್ಲಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ, ಯಾವ ಮಗುವಿಗೂ ಗೊತ್ತು. ಇವರು ಅದನ್ನು ಮಾವಿನಕಾಯಿಯ ಹಾಗೆ ಕೆಳಗೆ ನೇತುಹಾಕುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಆ ನೇತಾಡುವ ಬೆಂಡೆಯನ್ನು ನೋಡಿ, "ಇಳುವರಿ ಪರವಾಗಿಲ್ಲ" ಅಂತ ಮಾರ್ಕು ಕೊಟ್ಟು ಹೋಗುತ್ತಿದ್ದರು. ಅವರೂ ಇಂಥದ್ದೇ ಒಂದು ಕಾಲೇಜಿನಲ್ಲಿ ನೂಲು ಕಟ್ಟಿಯೇ ಪಾಸಾದವರು ಅಂತ ನನ್ನ ನಂಬಿಕೆ.

ನನಗೂ ಗೆಳತಿಗೂ ಒಂದೇ ಪ್ಲಾಟು ಬಂತು. ಆ ವಾರ ಅವಳು ಬಂಟ್ವಾಳಕ್ಕೆ ಹೋಗಿ ಬರುವಾಗ ಒಂದು ಡಬ್ಬಿ ತಂದಳು. ಅವಳ ತಂದೆ ಯಾವತ್ತೋ ಗಲ್ಫಿನಿಂದ ಕಳಿಸಿದ್ದ ಹಾಲುಪುಡಿಯ ತಗಡಿನ ಡಬ್ಬಿ. ಅದರಲ್ಲಿ ಬೂದಿಯ ಜೊತೆ ಕಲಸಿಟ್ಟ ಬೆಂಡೆ ಬೀಜ, ಒಂದು ಮುಷ್ಟಿಯಷ್ಟು. ಕಕ್ಕಿಂಜೆಯ ಹಿತ್ತಿಲಿನಲ್ಲಿ ಅವಳ ಉಮ್ಮ, ಅದಕ್ಕೆ ಮೊದಲು ಉಮ್ಮನ ಅತ್ತೆ, ವರ್ಷವರ್ಷ ಬೆಳೆಸುತ್ತಿದ್ದ ಬಿಳಿ ಬೆಂಡೆ. ಆಳೆತ್ತರದ ಗಿಡ, ಮೊಳದುದ್ದದ ಕಾಯಿ, ಸಾಂಬಾರಿಗೆ ಹಾಕಿದರೆ ಲೋಳೆ ಬಿಡುವುದಿಲ್ಲ. ಗುಡ್ಡ ಜರಿದ ದಿನ ಅಟ್ಟದಲ್ಲಿದ್ದ ಈ ಡಬ್ಬಿ ಉಳಿದಿತ್ತು. ಉಮ್ಮ ಅದನ್ನು ಫ್ಲ್ಯಾಟಿಗೆ ತಂದು ಇಟ್ಟುಕೊಂಡಿದ್ದರು. ಅಲ್ಲಿ ಬಾಲ್ಕನಿಯಲ್ಲಿ ಒಂದು ಚಟ್ಟಿ ಇಟ್ಟರೆ ಕೆಳಗಿನ ಮೊಬೈಲ್ ಅಂಗಡಿಯವನು ಬೋರ್ಡಿಗೆ ನೀರು ಬೀಳ್ತದೆ ಅಂತ ಜಗಳಕ್ಕೆ ಬರುತ್ತಿದ್ದ. ಹಿಂದೆ ಇದೇ ಬೀಜ ತಕ್ಕೊಂಡು ಹೋಗಿದ್ದ ನೆಂಟರಿಗೆಲ್ಲ ಫೋನ್ ಮಾಡಿ ಕೇಳಿದರೂ ಒಬ್ಬರ ಹತ್ತಿರ ಇರಲಿಲ್ಲ. "ಮಾರ್ಕೆಟಿನಲ್ಲಿ ಸಿಗ್ತದಲ್ಲ, ಇನ್ನು ಯಾರು ಬೀಜ ಇಡುವುದು?" ಅಂತ ಉತ್ತರ. ಎಂಥ ಬುದ್ಧಿವಂತರು!

ಉಮ್ಮನ ಅಣ್ಣ ಅಳದಂಗಡಿಯ ಹತ್ತಿರ ಒಂದು ತುಂಡು ಜಾಗ ಕೊಟ್ಟು, ಅಲ್ಲಿ ಇವರ ಹೊಸ ಮನೆಯ ಕೆಲಸ ನಡೆಯುತ್ತಿತ್ತು. ಹೊಸ ಹಿತ್ತಿಲಿನಲ್ಲಿ ಮೊದಲು ಹಾಕುವುದು ಆ ಬೆಂಡೆಯನ್ನೇ ಅಂತ ಉಮ್ಮ ಹೇಳಿಬಿಟ್ಟಿದ್ದರು. ಆದರೆ ಬೆಂಡೆ ಬೀಜಕ್ಕೆ ಆಯುಸ್ಸು ಕಡಿಮೆ. ಮನೆ ಆಗುವ ತನಕ ಕಾದರೆ ಒಂದೂ ಮೊಳೆಯುವುದಿಲ್ಲ. ಅದಕ್ಕೇ ಮಗಳ ಕೈಯಲ್ಲಿ ಕೊಟ್ಟದ್ದು. "ಎಲ್ಲವನ್ನೂ ಹಾಕು, ಉಳಿಸಿ ಪ್ರಯೋಜನ ಇಲ್ಲ. ಮೊಳೆತದ್ದರಿಂದ ಹೊಸ ಬೀಜ ಮಾಡಿ ತಾ. ನಿಮ್ಮದು ಅದೇ ಕಾಲೇಜಲ್ಲವಾ, ಅಲ್ಲಿ ಚಂದ ನೋಡಿಕೊಳ್ತಾರೆ" ಅಂದಿದ್ದರಂತೆ.

ನಾವಿಬ್ಬರೂ ಪಿಕ್ಕಾಸಿನಲ್ಲಿ ಆ ಟೈಲ್ಸಿನ ಚೂರುಗಳನ್ನೆಲ್ಲ ಅಗೆದು ತೆಗೆದೆವು. ಹಾಸ್ಟೆಲಿನ ಅಡುಗೆಯವರನ್ನು ಕಾಡಿ ಬೂದಿ ತಂದೆವು, ರಸ್ತೆ ಆಚೆಯ ಮನೆಯಿಂದ ಹಟ್ಟಿಗೊಬ್ಬರ ಹೊತ್ತೆವು. ಕೈಯ ಬೊಕ್ಕೆ ನೋಡಿ ಕ್ಲಾಸಿನವರು, "ಎಂತ ಮಾರಾಯ್ತಿ, ಕೂಲಿಗೆ ಹೋಗ್ತಿಯಾ?" ಅಂತ ಕೇಳಿದರು. ಹಾಕಿದ ಬೀಜದಲ್ಲಿ ಮೊಳೆತದ್ದು ಬಹಳ ಕಡಿಮೆ. ಮೊಳೆತದ್ದು ಮಾತ್ರ ಎಂಥ ಗಿಡ ಅಂತೀರಿ! ಮಳೆ ಹಿಂದೆ ಸರಿಯುವಾಗ ನಮ್ಮ ತಲೆಗಿಂತ ಮೇಲೆ ಹೋಗಿತ್ತು. ಮುಖ್ಯಸ್ಥರು ಕಟ್ಟೆಯ ಮೇಲಿನಿಂದಲೇ ನೋಡಿ ಯಾವ ತಳಿ ಅಂತ ಕೇಳಿದರು. ಗೆಳತಿ, "ಉಮ್ಮನದ್ದು ಸರ್" ಅಂದಳು. "ಹಾಗಲ್ಲ, ತಳಿಗೆ ಹೆಸರು ಬೇಕು, ಬಿಡುಗಡೆ ಮಾಡಿದ ಸಂಸ್ಥೆ ಬೇಕು. ಇಲ್ಲದಿದ್ದರೆ ಲೋಕಲ್ ಅಂತ ಬರೆಯಿರಿ" ಅಂದರು. ಆ ಲೋಕಲ್ ಎಂಬ ಮಾತನ್ನು ಅವರು ಹೇಳಿದ ರೀತಿ, ಚಪ್ಪಲಿಗೆ ತಾಗಿದ್ದನ್ನು ಕೊಡವುವ ಹಾಗೆ ಇತ್ತು.

ಬೀಜಕ್ಕೆ ಬಿಡುವ ಕ್ರಮ ಉಮ್ಮ ಫೋನಿನಲ್ಲಿ ಹೇಳಿಕೊಟ್ಟರು. ಗಟ್ಟಿ ಗಿಡ ನೋಡಿ, ಅದರ ಮೊದಲಿನ ಒಳ್ಳೆಯ ಕಾಯಿಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟುವುದು. ಕಟ್ಟಿದ ಮೇಲೆ ಅದನ್ನು ಯಾರೂ ಕೊಯ್ಯಬಾರದು. ಬಲಿತು, ಕಂದು ಬಣ್ಣಕ್ಕೆ ತಿರುಗಿ, ಏಣುಗಳು ತಾನಾಗಿ ಬಿರಿಯುವ ತನಕ ಗಿಡದಲ್ಲೇ ಬಿಡಬೇಕು. ಹಸಿ ಇರುವಾಗ ಕಿತ್ತರೆ ಬೀಜ ಪೊಳ್ಳು. ನಾವು ಗೆಳತಿಯ ಹಳೆಯ ದುಪಟ್ಟಾ ಹರಿದು ಕಟ್ಟಿದೆವು. ಒಂದು ಕಾಯಿಯನ್ನೂ ತಿನ್ನಲಿಲ್ಲ. ಸಂಜೆ ಉಮ್ಮ ಫೋನ್ ಮಾಡಿದರೆ ಮಗಳು ಊಟ ಮಾಡಿದಳಾ ಅಂತ ಕೇಳುವ ಮೊದಲು, "ಒಣಗಿತಾ?" ಅಂತ ಕೇಳುತ್ತಿದ್ದರು. "ಇಲ್ಲ ಉಮ್ಮ, ಇನ್ನೂ ಸ್ವಲ್ಪ ಹಸಿರು ಉಂಟು." "ಆಗ್ಲಿ, ಗಡಿಬಿಡಿ ಮಾಡಬೇಡ" ಅನ್ನುತ್ತಿದ್ದರು.

ಹೀಗಿರುವಾಗ ಕಾಲೇಜಿಗೆ ತಪಾಸಣೆ ಸಮಿತಿ ಬರುತ್ತದೆ ಅಂತ ಸುದ್ದಿಯಾಯಿತು. ಅಯ್ಯೋ ದೇವರೇ, ಆ ದಿನಗಳ ಅವತಾರ! ಪಾಠ ನಿಂತಿತು. ತೆಂಗಿನ ಮರಗಳ ಸೊಂಟಕ್ಕೆ ಸುಣ್ಣ ಕೆಮ್ಮಣ್ಣು ಬಳಿದರು. ಕಲ್ಲುಗಳಿಗೆ ಪೈಂಟು. ಮರಮರಕ್ಕೂ ಲ್ಯಾಟಿನ್ ಹೆಸರಿನ ಫಲಕ. ಪೈಂಟಿನವನು ಅದನ್ನು ಅವನಿಗೆ ಕಂಡ ಹಾಗೆ ಮೊಳೆ ಹೊಡೆದು, ನಮ್ಮ ಹಲಸಿನ ಮರ ಒಂದು ವಾರ ಗೇರುಮರವಾಗಿತ್ತು. ಸಸ್ಯಶಾಸ್ತ್ರದವರೆಲ್ಲ ಅದರ ಅಡಿಯಲ್ಲೇ ನಿಂತು ಸೆಲ್ಫಿ ತೆಗೆದರು, ಒಬ್ಬರಿಗೂ ಕಾಣಲಿಲ್ಲ. ಕಾಂಪೋಸ್ಟ್ ಗುಂಡಿ ಅಂತ ಒಂದಿತ್ತು, ಒಂದು ಎಲೆಯನ್ನೂ ಕಾಣದ್ದು. ಅದರ ಸುತ್ತ ಹುಡುಗಿಯರಿಂದ ರಂಗೋಲಿ ಹಾಕಿಸಿದರು. ಗುಡಿಸಿದ ಎಲೆ ಮಾತ್ರ ಹಾಸ್ಟೆಲಿನ ಹಿಂದೆ ದಿನಾ ಬೆಂಕಿಗೆ ಹೋಗುತ್ತಿತ್ತು. ಕಾಂಪೋಸ್ಟ್ ಗುಂಡಿ ಗಲೀಜಾದರೆ ಸಮಿತಿಗೆ ತೋರಿಸುವುದು ಹೇಗೆ, ಅಲ್ಲವಾ?

ಮುಖ್ಯಸ್ಥರ ಆಜ್ಞೆ ಒಂದೇ: "ಒಣಗಿದ್ದು ಒಂದೂ ಕಣ್ಣಿಗೆ ಬೀಳಬಾರದು. ಎಲ್ಲ ಹಸಿರು ಕಾಣಬೇಕು."

ನಮ್ಮ ಕಾಯಿ ಆಗಷ್ಟೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಎಲೆ ಉದುರಿ ಗಿಡ ಬೋಳಾಗಿತ್ತು. ಬೀಜಕ್ಕೆ ಬಿಟ್ಟ ಗಿಡ ಎಲ್ಲಾದರೂ ಮದುಮಗಳ ಹಾಗೆ ಕಾಣ್ತದಾ? ಇನ್ನೊಂದು ವಾರ ಸಿಕ್ಕಿದರೆ ಸಾಕಿತ್ತು. ಇಬ್ಬರೂ ಅವರ ಕೋಣೆಗೆ ಹೋದೆವು. ಗೆಳತಿ ಗುಡ್ಡ ಜರಿದದ್ದರಿಂದ ಹಿಡಿದು ಹೊಸ ಮನೆಯ ತನಕ ಎಲ್ಲ ಹೇಳಿದಳು. ಅವಳು ಯಾರ ಎದುರೂ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ಬೇರೆ ಬೀಜ ಇಲ್ಲ ಸರ್, ಇದೇ ಕೊನೆಯದ್ದು" ಅಂದಳು. ಅವರು ಪೂರ್ತಿ ಕೇಳಿದರು. ನಿಜ ಹೇಳಬೇಕು, ಪೂರ್ತಿ ಕೇಳಿದರು. "ಒಳ್ಳೆಯ ವಿಷಯ. ಒಂದು ಬೋರ್ಡು ಬರೆದು ಹಾಕಿ. ಯಾರೂ ಮುಟ್ಟುವುದಿಲ್ಲ" ಅಂದರು. ನಾವು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆವು: ಊರ ಬೆಂಡೆ. ಬೀಜಕ್ಕೆ ಬಿಟ್ಟಿದೆ. ಮುಟ್ಟಬೇಡಿ. ಮಳೆ ಬಂದರೂ ಇರಲಿ ಅಂತ ಪ್ಲಾಸ್ಟಿಕ್ ಸುತ್ತಿ ಕೋಲಿಗೆ ಕಟ್ಟಿ ನಿಲ್ಲಿಸಿದೆವು.

ಸಮಿತಿಯ ಎದುರು ಹುಡುಗಿಯರೆಲ್ಲ ಹಸಿರು ಸೀರೆಯಲ್ಲಿ ಇರಬೇಕು ಅಂತ ಇನ್ನೊಂದು ಆಜ್ಞೆ. ಹಸಿರು ಸೀರೆ ಹಾಸ್ಟೆಲಿನಲ್ಲಿ ಯಾರ ಹತ್ತಿರ ಉಂಟು? ಭಾನುವಾರ ಹುಡುಗಿಯರಿಗೆಲ್ಲ ಮನೆಗೆ ಹೋಗಿ ತರಲಿಕ್ಕೆ ರಜೆ ಕೊಟ್ಟರು. ನಾನು ಮಡಂತ್ಯಾರಿಗೆ ಹೋಗಿ ದೊಡ್ಡಮ್ಮನ ಸೀರೆ ಬೇಡಿ ತಂದೆ, ಗೆಳತಿ ಬಂಟ್ವಾಳಕ್ಕೆ ಹೋಗಿ ಉಮ್ಮನ ಯಾವುದೋ ಮದುವೆಯ ಸೀರೆ ತಂದಳು. ಸಂಜೆ ಬಸ್ಸಿಳಿದು ಗೇಟಿನಲ್ಲಿ ಸಿಕ್ಕಿದೆವು. ಹಾಸ್ಟೆಲಿಗೆ ಹೋಗುವ ಮೊದಲು ಪ್ಲಾಟಿಗೆ ಹೋಗುವ ಅಂದಳು. ಹೋದೆವು.

ಬೋರ್ಡು ನಿಂತಿತ್ತು. ಗಿಡ ಇರಲಿಲ್ಲ.

ಗಿಡ ಇರಲಿಲ್ಲ ಅಂದರೆ ತಪ್ಪಾಗ್ತದೆ. ಗಿಡ ಇತ್ತು. ನರ್ಸರಿಯಿಂದ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಂದ, ಮೊಣಕಾಲೆತ್ತರದ ಹೈಬ್ರಿಡ್ ಬೆಂಡೆ, ತೊಟ್ಟೆ ಸಮೇತ ಹೂತು ನಿಲ್ಲಿಸಿದ್ದು. ಅದಕ್ಕೆ ಮಾರ್ಕೆಟಿನ ಬೆಂಡೆಕಾಯಿ, ಹಸಿರು ನೂಲು. ಎಲ್ಲ ಕೆಳಗೆ ಮೂತಿ ಮಾಡಿ ನೇತಾಡುತ್ತಿದ್ದವು.

ಗಿಡ ಕಿತ್ತದ್ದು ಹೊರಗಿನ ಕೆಲಸದವರಲ್ಲ, ಅದನ್ನಾದರೂ ಸಹಿಸಬಹುದಿತ್ತು. ಕಿತ್ತದ್ದು ಶ್ರಮದಾನಕ್ಕೆ ಇಳಿದ ನಮ್ಮದೇ ವಿಭಾಗದ ಹುಡುಗರು, ಜೂನಿಯರ್‌ಗಳು, ನಿಂತು ಕೀಳಿಸಿದ್ದು ಬೀಜವಿಜ್ಞಾನ ಕಲಿಸುವ ಮೇಡಂ. ಅವರು ಇನ್ನೂ ಅಲ್ಲೇ ಇದ್ದರು. ಕೇಳಿದರೆ, "ಅದು ಸತ್ತು ಹೋಗಿತ್ತಲ್ಲ, ಒಣಗಿತ್ತು" ಅಂದರು. ಬೋರ್ಡು ಓದಲಿಲ್ಲವಾ ಮೇಡಂ? "ಓದಿದೆವು. ಚಂದ ಉಂಟು. ಅದಕ್ಕೇ ಬೋರ್ಡು ತೆಗೆಯಲಿಲ್ಲ, ಅದಕ್ಕೆ ಸರಿಯಾಗಿ ಒಳ್ಳೆಯ ಗಿಡ ನೆಡಿಸಿದೆವು." ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಅಲ್ಲ. ಮನಸ್ಸಿಟ್ಟು, ನಮಗೆ ಉಪಕಾರ ಮಾಡಿದ ಸಮಾಧಾನದಲ್ಲಿ ಹೇಳಿದ್ದು. ಬೀಜ ಅಂದರೆ ಒಣಗಿದ ಕಾಯಿಯೊಳಗೆ ಇರುವುದು ಅಂತ ಆ ದೊಡ್ಡ ಕಟ್ಟಡದಲ್ಲಿ, ಅಷ್ಟು ಡಿಗ್ರಿಗಳ ನಡುವೆ, ಒಬ್ಬರಿಗೂ ಹೊಳೆಯಲಿಲ್ಲ. ಥೂ!

ಗೆಳತಿ ಅಲ್ಲಿ ನಿಲ್ಲಲಿಲ್ಲ. ಹಾಸ್ಟೆಲಿನ ಹಿಂದೆ ಹೊಗೆ ಏಳುತ್ತಿದ್ದ ಕಡೆಗೆ ಓಡಿದಳು. ಎಲೆ, ಕಸ, ನಮ್ಮ ಗಿಡ ಎಲ್ಲ ಒಟ್ಟಿಗೇ ಸುಟ್ಟಿತ್ತು. ಅವಳು ಕೋಲಿನಿಂದ ಕೆದಕಿ ಕೆದಕಿ, ಕೊನೆಗೆ ಕೋಲು ಬಿಸಾಡಿ ಕೈಯಲ್ಲೇ ಕೆದಕಿದಳು. "ಕೈ ಸುಡ್ತದೆ ಮಾರಾಯ್ತಿ, ಬಿಡು" ಅಂತ ಎಳೆದರೂ ಕೇಳಲಿಲ್ಲ. ದುಪಟ್ಟಾದ ಒಂದು ಕೆಂಪು ಚೂರು ಸಿಕ್ಕಿತು, ಕೆಲವು ಅರ್ಧ ಸುಟ್ಟ ಕಾಯಿ ಸಿಕ್ಕಿತು. ಒಳಗಿನ ಬೀಜ ಹುರಿದ ಸಾಸಿವೆಯ ಹಾಗೆ ಕಪ್ಪಾಗಿತ್ತು. ಅಷ್ಟರಲ್ಲಿ ಅವಳ ಫೋನ್ ಹೊಡೆಯಲಿಕ್ಕೆ ಶುರುವಾಯಿತು. ಉಮ್ಮ. ಅವಳು ತೆಗೆಯಲಿಲ್ಲ.

ಮರುದಿನ ಸಮಿತಿ ಬಂತು. ನಾವು ಹಸಿರು ಸೀರೆಯಲ್ಲಿ ಸಾಲಾಗಿ ನಿಂತಿದ್ದೆವು. ಸಮಿತಿಯ ಹಿರಿಯರೊಬ್ಬರು ಉತ್ತರದ ಕಡೆಯವರು, ಕನ್ನಡ ಬಾರದು. ಅವರು ಬೇರೆ ಯಾವ ಪ್ಲಾಟಿನ ಎದುರೂ ನಿಲ್ಲಲಿಲ್ಲ, ನಮ್ಮ ಬೋರ್ಡಿನ ಎದುರು ನಿಂತರು. ಇದರಲ್ಲಿ ಎಂತ ಬರೆದಿದೆ ಅಂತ ಕೇಳಿದರು. ಮುಖ್ಯಸ್ಥರಿಗೆ ಎಲ್ಲಿಂದ ಬಂತೋ ಆ ಉತ್ಸಾಹ, ಮೊದಲ ಸಲ ಕಟ್ಟೆಯಿಂದ ಕೆಳಗೆ ಇಳಿದರು. ಇದು ನಾಡತಳಿಯ ಸಂರಕ್ಷಣೆ, ನಮ್ಮ ವಿಭಾಗದ ವಿಶೇಷ ಯೋಜನೆ, ವಿದ್ಯಾರ್ಥಿನಿಯರ ಮನೆಯ ಬೀಜವನ್ನು ನಾವು ಉಳಿಸಿಕೊಡುತ್ತಿದ್ದೇವೆ ಅಂತ ಇಂಗ್ಲಿಷಿನಲ್ಲಿ ವಿವರಿಸಿದರು. ನಮ್ಮ ಕಥೆಯನ್ನು ಅವರು ಪೂರ್ತಿ ಕೇಳಿದ್ದು ಎಂತಕ್ಕೆ ಅಂತ ನನಗೆ ಆಗ ಅರ್ಥವಾಯಿತು. ಹಿರಿಯರು ತಲೆದೂಗಿ ಗೆಳತಿಯ ಕಡೆ ತಿರುಗಿ, ನೀನು ಹೇಳಮ್ಮ ಎಂಬ ಹಾಗೆ ಕೈ ಮಾಡಿದರು.

ಅವಳು ಕನ್ನಡದಲ್ಲಿ, ನಿಧಾನವಾಗಿ ಹೇಳಿದಳು. "ಸರ್, ನಮ್ಮ ಗಿಡವನ್ನು ನಿನ್ನೆ ಕಿತ್ತು ಸುಟ್ಟಿದ್ದಾರೆ. ಇದು ನರ್ಸರಿಯದ್ದು. ಈ ಕಾಯಿ ಮಾರ್ಕೆಟಿನದ್ದು."

ಮುಖ್ಯಸ್ಥರು ನಗುನಗುತ್ತಾ ಅನುವಾದ ಮಾಡಿದರು, ಇದು ತಮ್ಮ ಕುಟುಂಬದಲ್ಲಿ ಹಿಂದಿನಿಂದ ಬಂದ ಬೀಜ ಅಂತ ಹೇಳ್ತಾ ಇದ್ದಾಳೆ ಅಂತ.

ನನಗೆ ಸಿಟ್ಟು ನೆತ್ತಿಗೆ ಹತ್ತಿತು. ಇಂಗ್ಲಿಷಿನಲ್ಲೇ ಹೇಳಿದೆ, ಗಟ್ಟಿಯಾಗಿ ಹೇಳಿದೆ, "ದೇ ಬರ್ನ್ಡ್ ಇಟ್ ಸರ್!" ಅಂತ. ಹೇಳಿ, ಒಂದು ಬೆಂಡೆಕಾಯಿ ಹಿಡಿದು ಎಳೆದೆ. ನೂಲು ಸಮೇತ ಕೈಗೆ ಬಂತು. ಹಿರಿಯರು ಅದನ್ನು ನೋಡಿದರು. ನೂಲನ್ನೂ ನೋಡಿದರು, ನನಗೆ ಖಂಡಿತ ಗೊತ್ತು. ಮುಖ್ಯಸ್ಥರ ಕಡೆ ತಿರುಗಿ, "ವೆರಿ ಗುಡ್, ವೆರಿ ಗುಡ್" ಅಂದರು. ಅಷ್ಟರಲ್ಲಿ ಎಳನೀರಿನ ತಟ್ಟೆ ಬಂತು. ಆಮೇಲೆ ಅವರು ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರು.

ನನ್ನನ್ನು ಕರೆದು ಬೈಯುತ್ತಾರೆ ಅಂತ ಕಾದೆ. ಕರೆಯಲೇ ಇಲ್ಲ. ಸಮಿತಿಗೆ ನಮ್ಮ ವಿಭಾಗ ಬಹಳ ಹಿಡಿಸಿತಂತೆ, ಇಂಟರ್ನಲ್ಸ್‌ನಲ್ಲಿ ನಮ್ಮಿಬ್ಬರಿಗೂ ಪೂರ್ತಿ ಅಂಕ ಬಿತ್ತು. ಬೈದಿದ್ದರೇ ಒಳ್ಳೆಯದಿತ್ತು.

ಆ ಕಪ್ಪು ಬೀಜಗಳನ್ನು ಗೆಳತಿ ಲ್ಯಾಬಿಗೆ ತಕ್ಕೊಂಡು ಹೋಗಿ, ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಒಂದೊಂದಾಗಿ ಜೋಡಿಸಿ ಇಟ್ಟಳು. ದಿನಾ ಹೋಗಿ ನೀರು ಚಿಮುಕಿಸಿ ನೋಡುತ್ತಿದ್ದಳು. ಆ ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿಲ್ಲದ ಪ್ರಯೋಗ ಅಂತ ಯಾರಾದರೂ ಮಾಡಿದ್ದರೆ ಅದು ಅದೊಂದೇ. ವಾರ ಕಳೆಯುವಾಗ ಬೀಜಗಳ ಮೇಲೆ ಬೂಸ್ಟು ಬಂತು. ಅವಳು ತಟ್ಟೆ ತೊಳೆದು ಇಟ್ಟಳು.

ಫೋನಿನಲ್ಲಿ ಹೇಳಲಿಕ್ಕೆ ಅವಳಿಗೆ ಬಾಯಿ ಬರಲಿಲ್ಲ. "ಒಣಗಿತಾ?" ಅಂದರೆ "ಬಂದು ಹೇಳ್ತೇನೆ ಉಮ್ಮ" ಅನ್ನುತ್ತಿದ್ದಳು. ಉಮ್ಮ ಅದನ್ನು ಒಳ್ಳೆಯ ಸುದ್ದಿ ಅಂತಲೇ ತಿಳಿದುಕೊಂಡಿರಬೇಕು. ಮುಂದಿನ ಭಾನುವಾರ ಅಳದಂಗಡಿಗೇ ಬನ್ನಿ, ನಿನ್ನ ಸ್ನೇಹಿತೆಯನ್ನೂ ಕರಕೊಂಡು ಬಾ ಅಂದರು. ಒಬ್ಬಳೇ ಹೋಗಲಿಕ್ಕೆ ಅವಳಿಗೆ ಧೈರ್ಯ ಇರಲಿಲ್ಲ, ನಾನೂ ಹೋದೆ.

ಮನೆಗೆ ಇನ್ನೂ ಬಣ್ಣ ಆಗಿರಲಿಲ್ಲ. ಉಮ್ಮ ನಮ್ಮನ್ನು ಒಳಗೆ ಕರೆಯಲಿಲ್ಲ, ಚಪ್ಪಲಿ ಹಾಕಿಕೊಂಡೇ ಬನ್ನಿ ಅಂತ ಸೀದಾ ಹಿಂದಕ್ಕೆ ಕರಕೊಂಡು ಹೋದರು. ಅಡುಗೆಮನೆಯ ಹಿಂಬಾಗಿಲಿನ ಎದುರು ಉದ್ದಕ್ಕೆ ಒಂದು ಸಾಲು ಮಾಡಿಟ್ಟಿದ್ದರು. ಕಲ್ಲು ಹೆಕ್ಕಿ, ಸುಡುಮಣ್ಣು ಹಾಕಿ, ಹಟ್ಟಿಗೊಬ್ಬರ ಬೆರೆಸಿ, ಕೋಳಿ ಕೆದಕಬಾರದು ಅಂತ ಸುತ್ತ ಹಳೆಯ ಮೀನಿನ ಬಲೆ ಕಟ್ಟಿದ್ದರು. "ಪಾತ್ರೆ ತೊಳೆದ ನೀರು ಇಲ್ಲಿಗೇ ಬರ್ತದೆ. ಮೇಸ್ತ್ರಿಗೆ ಹೇಳಿ ಪೈಪು ಈ ಕಡೆಗೇ ಇಡಿಸಿದೆ. ಮಳೆಗೆ ಕಾಯಬೇಕಂತ ಇಲ್ಲ, ಈಗಲೇ ಹಾಕುವ" ಅಂದರು. ಖುಷಿಯಲ್ಲಿ ಅವರ ಮುಖ ಕೆಂಪಾಗಿತ್ತು. ಆಮೇಲೆ ಮಗಳ ಎದುರು ಕೈ ನೀಡಿ, "ಕೊಡು" ಅಂದರು.

ಅವಳು ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟಳು. ಉಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು.

"ಸುಟ್ಟು ಹಾಕಿದರು ಉಮ್ಮ."

"ಯಾರು?"

"ಕಾಲೇಜಿನವರು."

"ಯಾಕೆ?"

"ಒಣಗಿತ್ತು ಅಂತ."

ಉಮ್ಮ ನನ್ನ ಮುಖ ನೋಡಿದರು, ಮಗಳು ತಮಾಷೆ ಮಾಡುತ್ತಿದ್ದಾಳಾ ಅಂತ ಕೇಳುವ ಹಾಗೆ. ನಾನು ಹೌದು ಅಂತ ತಲೆ ಆಡಿಸಿದೆ. ಉಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, "ಮೀನು ಸಾರು ಮಾಡಿದ್ದೇನೆ, ಬನ್ನಿ, ಊಟ ಮಾಡುವ" ಅಂದರು.

ನಾನೀಗ ಒಂದು ಬೀಜದ ಕಂಪನಿಯಲ್ಲಿದ್ದೇನೆ. ಹೌದು, ನಗಿ. ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕು ನನ್ನದೇ, ಅಂಗಡಿ ಅಂಗಡಿಗೆ ಹೋಗಿ ಹೈಬ್ರಿಡ್ ಬೆಂಡೆಯ ಪ್ಯಾಕೆಟ್ ಇಟ್ಟು ಬರುತ್ತೇನೆ. ಇದರ ಬೆಳೆಯನ್ನು ಬೀಜಕ್ಕೆ ಬಿಡಬೇಡಿ ಅಂತ ಪ್ಯಾಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರೂ ಓದುವುದಿಲ್ಲ, ಯಾರೂ ಬಿಡುವುದೂ ಇಲ್ಲ. ಗೆಳತಿ ಮದುವೆಯಾಗಿ ಗಂಡನ ಜೊತೆ ಗಲ್ಫಿನಲ್ಲಿದ್ದಾಳೆ. ಕಾಲೇಜಿನ ಪ್ರಾಸ್ಪೆಕ್ಟಸ್ಸಿನಲ್ಲಿ ನಮ್ಮ ಬೋರ್ಡಿನ ಫೋಟೋ ಇವತ್ತಿಗೂ ಉಂಟು. ನನ್ನ ಕೈಬರಹ, ಅದರ ಹಿಂದೆ ಕೆಳಗೆ ಮೂತಿ ಮಾಡಿದ ಬೆಂಡೆ. ಪ್ರತಿ ವರ್ಷ ಅದನ್ನು ನೋಡಿ ಮಕ್ಕಳು ಸೇರುತ್ತಾರೆ, ಮೊದಲ ದಿನ ಎದ್ದು ನಿಂತು ಭೂಮಿತಾಯಿ ಅನ್ನುತ್ತಾರೆ.

ಮೊನ್ನೆ ಕೆಲಸದ ಮೇಲೆ ಅಳದಂಗಡಿಗೆ ಹೋದವಳು ಉಮ್ಮನನ್ನು ನೋಡುವ ಅಂತ ಹೋದೆ. ಮನೆಗೆ ಬಣ್ಣ ಆಗಿದೆ, ಎದುರಿಗೆ ಗೇಟು ಬಂದಿದೆ. ಹಿಂಬಾಗಿಲಿನ ಎದುರು ಆ ಸಾಲು ಇದ್ದಲ್ಲಿ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಬಟ್ಟೆ ಒಣಗಿಸುವ ಕಂಬಿ ಕಟ್ಟಿದ್ದಾರೆ. "ಕೂತುಕೋ ಮಗಳೇ, ಟೀ ಮಾಡ್ತೇನೆ" ಅಂತ ಉಮ್ಮ ಒಲೆ ಹಚ್ಚಿದರು. ಹಾಲು ಕುದಿಯಿತು. ಮೇಲಿನ ಶೆಲ್ಫಿನಿಂದ ಅದೇ ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, "ಸಕ್ಕರೆ ಎಷ್ಟು?" ಅಂತ ಕೇಳಿದರು.